ಉಳಿದುಹೋದ ಪಟಾಕಿಯನ್ನು ಮನೆಯಲ್ಲಿ ಸುರಕ್ಷಿತವಾಗಿ ವಿಲೇವಾರಿ ಮಾಡುವುದು ಹೇಗೆ?

ಪ್ರಶ್ನೆ: ಅಟ್ಟ ಸ್ವಚ್ಛ ಮಾಡುವಾಗ ಹಳೆಯ ಪಟಾಕಿ ತುಂಬಿದ ಎರಡು ರಟ್ಟಿನ ಪೆಟ್ಟಿಗೆ ಸಿಕ್ಕವು. ಸುರ್‌ಸುರ್ ಬತ್ತಿ, ಹೂಕುಂಡ, ನೆಲಚಕ್ರ, ಏಳೆಂಟು ರಾಕೆಟ್, ಒಂದು ಸರಪಟಾಕಿ, ದಾರ ಸುತ್ತಿದ ಕೆಲವು ಬಾಂಬ್, ಮೇಲೆ ಹಾರಿ ಸಿಡಿಯುವ ಮಲ್ಟಿ-ಶಾಟ್ ಡಬ್ಬ ಒಂದು, ಮಕ್ಕಳ ಪಿಸ್ತೂಲಿನ ಕ್ಯಾಪ್ ರೋಲುಗಳು ಇವೆ. ಒಂದು ಪೆಟ್ಟಿಗೆಯ ತಳ ಯಾವಾಗಲೋ ನೆಂದು ಒಣಗಿದ ಹಾಗಿದೆ, ಅಲ್ಲಿ ಬೂದು ಬಣ್ಣದ ಪುಡಿ ಉದುರಿದೆ. ಇವನ್ನು ಹಾರಿಸುವ ಮನಸ್ಸಿಲ್ಲ. ಕಸದ ಗಾಡಿಗೆ ಹಾಕಬಹುದೇ? ನೀರಲ್ಲಿ ನೆನೆಸಿದರೆ ಸಾಕೇ, ಎಷ್ಟು ಹೊತ್ತು ನೆನೆಸಬೇಕು? ಆ ನೀರನ್ನು ಗಿಡಗಳಿಗೆ ಹಾಕಬಹುದೇ?

ಉತ್ತರ: ಒಣಗಿದ ಪಟಾಕಿಯನ್ನು ಕಸಕ್ಕೆ ಹಾಕಲೇಬಾರದು. ಕಸದ ಗಾಡಿಯೊಳಗೆ ಎಲ್ಲವನ್ನೂ ಒತ್ತಿ ಅಮುಕುವ ಯಂತ್ರ ಇರುತ್ತದೆ. ಆ ಒತ್ತಡಕ್ಕೆ, ಉಜ್ಜಾಟಕ್ಕೆ ಒಂದು ಪಟಾಕಿ ಹೊತ್ತಿಕೊಂಡರೂ ಸುತ್ತಲಿನ ಕಾಗದ, ಪ್ಲಾಸ್ಟಿಕ್ಕಿಗೆ ಬೆಂಕಿ ಹಿಡಿಯುತ್ತದೆ, ಅಪಾಯ ಕಸ ಎತ್ತುವವರ ಮೈಮೇಲೆ ಬರುತ್ತದೆ. ನೆನೆಸುವುದು ಸರಿಯಾದ ದಾರಿಯೇ. ಆದರೆ ನೆನೆಸಿದ ಮೇಲೆ ಕೆಲಸ ಮುಗಿಯಿತು ಎಂದುಕೊಂಡು ಬಿಸಿಲಲ್ಲಿ ನೀರಿಳಿಸಲು ಇಡುತ್ತಾರಲ್ಲ, ಎಡವಟ್ಟು ಆಗುವುದು ಅಲ್ಲಿ. ನೆಂದ ಪಟಾಕಿ ನಿಮ್ಮ ಮನೆ ಬಿಟ್ಟು ಹೋಗುವವರೆಗೂ ಒದ್ದೆಯಾಗಿಯೇ ಇರಬೇಕು. ನೆನೆಸಿದ ನೀರು ಗಿಡಕ್ಕೆ ಬೇಡ. ಕಾರಣ ಮುಂದೆ ಇದೆ.

ಮೊದಲು ಒಂದು ಫೋನ್ ಮಾಡಿ. ನಿಮ್ಮ ಊರಿನ ಅಗ್ನಿಶಾಮಕ ಠಾಣೆಗೆ, ಇಲ್ಲವೇ ಸ್ಥಳೀಯ ಆಡಳಿತದ ಅಪಾಯಕಾರಿ ಕಸ ಸಂಗ್ರಹ ವಿಭಾಗಕ್ಕೆ. ಕೆಲವು ಕಡೆ ಅವರೇ ತೆಗೆದುಕೊಳ್ಳುತ್ತಾರೆ, ಕೆಲವು ಕಡೆ ನೆನೆಸಿ ಚೀಲಕ್ಕೆ ಹಾಕಿ ಕೊಡಿ ಎನ್ನುತ್ತಾರೆ, ಇನ್ನು ಕೆಲವು ಕಡೆ ಮನೆ ಕಸದ ಜೊತೆ ಹಾಕಲು ಒಪ್ಪಿಗೆ ಇರುತ್ತದೆ. ನಿಯಮ ಊರಿಂದ ಊರಿಗೆ ಬದಲಾಗುವುದರಿಂದ ಅವರು ಹೇಳಿದ್ದೇ ಕೊನೆಯ ಮಾತು. ಹೇಳದೆ ಕೇಳದೆ ಪೆಟ್ಟಿಗೆಯನ್ನು ಕಾರಿನಲ್ಲಿಟ್ಟುಕೊಂಡು ಠಾಣೆಯ ಬಾಗಿಲಿಗೆ ಹೋಗಬೇಡಿ. ಬಿಸಿಲಿಗೆ ಕಾದ ಕಾರಿನೊಳಗೆ ಹಳೆಯ ಮದ್ದನ್ನು ಅಲುಗಾಡಿಸುತ್ತಾ ಒಯ್ಯುವುದು ನೆನೆಸುವುದಕ್ಕಿಂತ ಅಪಾಯದ ಕೆಲಸ. ಅಂಚೆ, ಕೊರಿಯರ್ ಮೂಲಕ ಕಳಿಸುವುದಂತೂ ಬೇಡವೇ ಬೇಡ.

ನೀವು ಕೈ ಹಾಕಬಾರದ ಪಟಾಕಿಗಳೂ ಇವೆ. ಲೇಬಲ್ಲೇ ಇಲ್ಲದ, ಯಾರೋ ಕೈಯಲ್ಲಿ ತಯಾರಿಸಿದಂತೆ ಕಾಣುವವು, ಮೈಮೇಲೆ ಹರಳುಗಳೋ ಬಿಳಿ ಹುಡಿಯೋ ಕಟ್ಟಿಕೊಂಡವು, ಉಬ್ಬಿಕೊಂಡವು, ಚೆಂಡಿನಾಕಾರದ ದೊಡ್ಡ ಶೆಲ್‌ಗಳು. ಪೆಟ್ಟಿಗೆಯ ಮೇಲೆ ಕಿತ್ತಳೆ ಬಣ್ಣದ ವಜ್ರಾಕಾರದ ಚಿಹ್ನೆ ಇದ್ದರೆ ಅದರೊಳಗಿನ ಸಂಖ್ಯೆ ನೋಡಿ. ಜನಸಾಮಾನ್ಯರಿಗೆ ಮಾರುವ ಪಟಾಕಿಯ ಪೆಟ್ಟಿಗೆ ಮೇಲೆ ಸಾಮಾನ್ಯವಾಗಿ 1.4ಜಿ ಎಂದಿರುತ್ತದೆ. 1.3ಜಿ ಎಂದಿದ್ದರೆ ಅದು ಹೆಚ್ಚಾಗಿ ದೊಡ್ಡ ಪ್ರದರ್ಶನಗಳಿಗೆ ಬಳಸುವ ಮಾಲು. ಯುರೋಪಿನ ಗುರುತಿನಲ್ಲಾದರೆ ಎಫ್4 ಎಂದರೆ ತರಬೇತಿ ಪಡೆದವರಿಗೆ ಮಾತ್ರ. ಇಂಥವು ಸಿಕ್ಕರೆ ಇದ್ದಲ್ಲೇ ಬಿಡಿ, ಕೋಣೆಯಿಂದ ಎಲ್ಲರನ್ನೂ ಹೊರಗೆ ಕಳಿಸಿ ಅಗ್ನಿಶಾಮಕ ದಳಕ್ಕೋ ಪೊಲೀಸರಿಗೋ ತಿಳಿಸಿ. ಪ್ರಮಾಣಕ್ಕೂ ಒಂದು ಮಿತಿ ಇದೆ: ಎರಡು ದೊಡ್ಡ ಬಕೆಟ್‌ಗಳಲ್ಲಿ ಮುಳುಗಿಸಲಾಗದಷ್ಟು ಮಾಲು ಇದ್ದರೆ ಅದನ್ನು ಮನೆಮಟ್ಟದ ಕೆಲಸ ಎಂದುಕೊಳ್ಳಬೇಡಿ.

ಪೆಟ್ಟಿಗೆಯ ತಳದ ಬೂದು ಪುಡಿ

ನಿಮ್ಮ ಪ್ರಶ್ನೆಯಲ್ಲಿ ಹೆಚ್ಚು ಯೋಚಿಸಬೇಕಾದದ್ದು ಇದೇ. ಬೂದು ಬಣ್ಣ, ಬೆರಳಿಗೆ ಹತ್ತಿದರೆ ಬೆಳ್ಳಿಯ ಹೊಳಪು ಅಂದರೆ ಅದರಲ್ಲಿ ಅಲ್ಯೂಮಿನಿಯಂ ಪುಡಿ ಇದೆ ಎಂದು ಲೆಕ್ಕ. ಸುರ್‌ಸುರ್ ಬತ್ತಿಯಿಂದ ಉದುರಿದ್ದೂ ಆಗಿರಬಹುದು, ಬಾಂಬಿನೊಳಗಿನ ಫ್ಲಾಶ್ ಮದ್ದೂ (ಕ್ಷಣದಲ್ಲಿ ಉರಿದು ಸಿಡಿಯುವ ಮದ್ದು) ಆಗಿರಬಹುದು. ನೋಡಿ ಹೇಳಲು ಬರುವುದಿಲ್ಲವಾದ್ದರಿಂದ ಎರಡನೆಯದೇ ಎಂದುಕೊಂಡು ಕೆಲಸ ಮಾಡಿ. ಪಟಾಕಿಯ ಕಾಗದದ ಕೊಳವೆಯೊಳಗೆ ಮದ್ದು ಅಳತೆಗೆ ತಕ್ಕಂತೆ, ಒಂದಕ್ಕೊಂದು ತಾಕದ ಹಾಗೆ ಇರುತ್ತದೆ. ಹೊರಗೆ ಉದುರಿದ ಮದ್ದಿಗೆ ಆ ರಕ್ಷಣೆ ಇಲ್ಲ. ಉಜ್ಜಿದರೆ, ಕಿಡಿ ತಾಗಿದರೆ, ಮೈಯ ಸ್ಥಿರವಿದ್ಯುತ್ತು ಹಾರಿದರೂ ಹೊತ್ತಿಕೊಳ್ಳಬಹುದು.

ಆದ್ದರಿಂದ ಪೊರಕೆ ಬೇಡ, ವ್ಯಾಕ್ಯೂಮ್ ಕ್ಲೀನರ್ ಬೇಡವೇ ಬೇಡ. ಅದರ ಮೋಟಾರಿನ ಕಿಡಿ, ಪ್ಲಾಸ್ಟಿಕ್ ಪೈಪಿನಲ್ಲಿ ಹುಟ್ಟುವ ಸ್ಥಿರವಿದ್ಯುತ್ತು ಎರಡೂ ಅಪಾಯ. ಪೆಟ್ಟಿಗೆಯನ್ನು ಕೊಡವಬೇಡಿ, ಬೋರಲು ಹಾಕಬೇಡಿ, ಪುಡಿಯನ್ನು ಕೈಯಿಂದ ಬಳಿಯಬೇಡಿ. ಗಿಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ ತೆಗೆದುಕೊಂಡು, ಮೂತಿಯನ್ನು ತೆಳು ಮಂಜಿನಂತೆ ಬರುವ ಹಾಗೆ ತಿರುಗಿಸಿ, ಒಂದು ಅಡಿ ದೂರದಿಂದ ಪುಡಿಯ ಮೇಲೆ ನೀರು ಇಳಿಸಿ. ಜೋರಾಗಿ ಚಿಮ್ಮಿದರೆ ಪುಡಿ ಹಾರುತ್ತದೆ. ಮೊದಲು ಪುಡಿಯ ಮೇಲೆ ನೀರಿನ ಹನಿ ಮುತ್ತಿನಂತೆ ನಿಲ್ಲಬಹುದು, ಏಕೆಂದರೆ ನುಣ್ಣನೆಯ ಲೋಹದ ಪುಡಿ ಬೇಗ ನೀರು ಹಿಡಿಯುವುದಿಲ್ಲ. ತಾಳ್ಮೆಯಿಂದ ಎರಡು ಮೂರು ಸಲ ಚಿಮುಕಿಸಿ, ಪುಡಿ ಕಪ್ಪಾಗಿ ಕೆಸರಿನ ಹಾಗಾಗುವವರೆಗೆ ಚಿಮುಕಿಸುವುದನ್ನು ನಿಲ್ಲಿಸಬೇಡಿ. ಆಮೇಲೆ ನೀರು ತೊಟ್ಟಿಕ್ಕುವಷ್ಟು ಒದ್ದೆ ಮಾಡಿದ ಹತ್ತಿ ಬಟ್ಟೆಯಿಂದ ಒರೆಸದೆ ಒತ್ತಿ ಎತ್ತಿಕೊಳ್ಳಿ. ಆ ಬಟ್ಟೆ, ಪೆಟ್ಟಿಗೆಯ ತಳದ ರಟ್ಟು ಎರಡೂ ನೇರ ನೆನೆಸುವ ಬಕೆಟ್ಟಿಗೆ ಹೋಗಬೇಕು. ಅಟ್ಟದ ನೆಲದ ಮೇಲೆ ಬಿದ್ದಿದ್ದರೆ ಅಲ್ಲಿಯೂ ಇದೇ ಕ್ರಮ. ಇದನ್ನು ಮಾಡುವ ಮೊದಲು ಆ ಜಾಗದ ಸ್ವಿಚ್ಚು, ಫ್ಯಾನು ಮುಟ್ಟಬೇಡಿ. ಹಗಲು ಬೆಳಕಿನಲ್ಲೇ ಮಾಡಿ.

ಒಮ್ಮೆ ನೆಂದು ಒಣಗಿದ ಪಟಾಕಿ "ಸತ್ತುಹೋಗಿದೆ" ಎಂಬ ನಂಬಿಕೆ ಬಹಳ ಜನರಲ್ಲಿದೆ. ನೆಂದಾಗ ಮದ್ದಿನ ಉಪ್ಪು ಕರಗಿ ಕಾಗದಕ್ಕೆ, ಬತ್ತಿಗೆ ಹರಿದು ಅಲ್ಲೇ ಹರಳುಗಟ್ಟುತ್ತದೆ. ಬತ್ತಿ ಉರಿಯುವ ವೇಗ ಬದಲಾಗುತ್ತದೆ, ರಾಕೆಟ್ಟಿನೊಳಗಿನ ಗಟ್ಟಿ ಮದ್ದು ಬಿರುಕು ಬಿಡುತ್ತದೆ. ಬಿರುಕಿನೊಳಕ್ಕೆ ಜ್ವಾಲೆ ನುಗ್ಗಿದರೆ ಹಾರಬೇಕಾದ ರಾಕೆಟ್ ನಿಂತಲ್ಲೇ ಸಿಡಿಯುತ್ತದೆ. ಹಾಗಾಗಿ ಆ ಪೆಟ್ಟಿಗೆಯಲ್ಲಿರುವುದನ್ನು "ಒಂದೆರಡು ಹಚ್ಚಿ ನೋಡೋಣ" ಎಂಬ ಆಸೆ ಬೇಡ.

ನೀರು ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಪಟಾಕಿ ಉರಿಯಲು ಹೊರಗಿನ ಗಾಳಿ ಬೇಕಿಲ್ಲ. ಆಮ್ಲಜನಕ ಕೊಡುವ ಉಪ್ಪು ಮದ್ದಿನೊಳಗೇ ಇರುತ್ತದೆ. ಕಪ್ಪು ಮದ್ದಿನಲ್ಲಿ ಸುಮಾರು ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಪೆಟ್ಲುಪ್ಪು ಎಂದರೆ ಪೊಟ್ಯಾಸಿಯಂ ನೈಟ್ರೇಟ್. ಉರಿಯುತ್ತಿರುವ ಪಟಾಕಿಯ ಮೇಲೆ ಮರಳು ಸುರಿದರೂ, ಕಂಬಳಿ ಮುಚ್ಚಿದರೂ ಅದು ನಿಲ್ಲದಿರುವುದು ಇದೇ ಕಾರಣಕ್ಕೆ. ನೀರು ಮಾತ್ರ ಎರಡು ರೀತಿಯಲ್ಲಿ ಕೆಲಸಕ್ಕೆ ಬರುತ್ತದೆ: ಶಾಖವನ್ನು ಹೀರಿಕೊಂಡು ಹೊತ್ತಿಕೊಳ್ಳದಂತೆ ತಡೆಯುತ್ತದೆ, ಜೊತೆಗೆ ಕರಗುವ ಉಪ್ಪನ್ನು ಮದ್ದಿನಿಂದ ಹೊರಗೆಳೆಯುತ್ತದೆ.

ಎಲ್ಲ ಉಪ್ಪೂ ಒಂದೇ ರೀತಿ ಕರಗುವುದಿಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಮಿಲಿಲೀಟರ್ ನೀರಿಗೆ ಪೆಟ್ಲುಪ್ಪು 30 ಗ್ರಾಂಗೂ ಹೆಚ್ಚು ಕರಗುತ್ತದೆ. ಹಸಿರು ಬಣ್ಣಕ್ಕೂ ಸುರ್‌ಸುರ್ ಬತ್ತಿಗೂ ಹಾಕುವ ಬೇರಿಯಂ ನೈಟ್ರೇಟ್ ಸುಮಾರು 9 ಗ್ರಾಂ. ಫ್ಲಾಶ್ ಮದ್ದಿನಲ್ಲಿ ಬಳಸುವ ಪೊಟ್ಯಾಸಿಯಂ ಪರ್‌ಕ್ಲೋರೇಟ್ 2 ಗ್ರಾಂ ಕೂಡ ಕರಗುವುದಿಲ್ಲ. ಕಪ್ಪು ಮದ್ದು ತುಂಬಿದ ಹೂಕುಂಡ ಒಂದು ದಿನದಲ್ಲಿ ಹೆಚ್ಚುಕಡಿಮೆ ಕೆಸರಾಗಿಬಿಡುತ್ತದೆ. ಆದರೆ ಪರ್‌ಕ್ಲೋರೇಟ್ ಇರುವ ಬಾಂಬನ್ನು ಸಣ್ಣ ಡಬ್ಬದಲ್ಲಿ ಸ್ವಲ್ಪ ನೀರು ಹಾಕಿ ನೆನೆಸಿದರೆ ಮದ್ದಿನ ಬಹುಪಾಲು ಕರಗದೆ ಅಲ್ಲೇ ಕೂತಿರುತ್ತದೆ. ಅಲ್ಯೂಮಿನಿಯಂ, ಗಂಧಕ, ಇದ್ದಿಲು ಎಷ್ಟು ನೆನೆಸಿದರೂ ಕರಗುವುದಿಲ್ಲ. ಅಂಥ ಕೆಸರು ಒಣಗಿದರೆ ಮತ್ತೆ ಉರಿಯುವ ಮದ್ದೇ. ನೀರು ಧಾರಾಳವಾಗಿರಬೇಕು, ಮಾಲು ಒಣಗಬಾರದು ಎಂದು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಇನ್ನೊಂದು ವಿಷಯ. ಮಲ್ಟಿ-ಶಾಟ್ ಡಬ್ಬದಂಥ ಪಟಾಕಿಗಳ ಹಸಿರು ಬತ್ತಿಗೆ ನೀರು ನಿಲ್ಲದ ಲೇಪ ಇರುತ್ತದೆ, ಹೊತ್ತಿಕೊಂಡ ಬತ್ತಿ ನೀರಿನೊಳಗೂ ಉರಿಯುತ್ತಾ ಹೋಗುತ್ತದೆ. ಆದ್ದರಿಂದ ಹಚ್ಚಿದ ಪಟಾಕಿಯನ್ನು ನೀರಿಗೆ ಎಸೆದರೆ ನಂದುತ್ತದೆ ಎಂಬ ಭರವಸೆ ಇಟ್ಟುಕೊಳ್ಳಬೇಡಿ.

ನೆನೆಸುವ ಕ್ರಮ

ಜಾಗ ಹೊರಗಿರಲಿ. ಅಂಗಳ, ತಾರಸಿ, ಹಿತ್ತಲು, ಎಲ್ಲಾದರೂ ಸರಿ. ಗ್ಯಾಸ್ ಸಿಲಿಂಡರು, ಒಲೆ, ನಿಲ್ಲಿಸಿದ ವಾಹನ, ಒಣಗಿದ ಎಲೆರಾಶಿ ಇವುಗಳಿಂದ ದೂರ ಇರಬೇಕು, ನೆರಳಿರಬೇಕು, ಮಕ್ಕಳು ಮತ್ತು ಸಾಕುಪ್ರಾಣಿಗಳು ಎರಡು ದಿನ ಹತ್ತಿರ ಸುಳಿಯದಂತೆ ಇರಬೇಕು. ಬಚ್ಚಲುಮನೆ ಬೇಡ. ನೆನೆದ ಅಲ್ಯೂಮಿನಿಯಂನಿಂದ ನಿಧಾನವಾಗಿ ಹೈಡ್ರೋಜನ್ ಅನಿಲ ಹೊರಡಬಹುದು, ಅದಕ್ಕೆ ಗಾಳಿಯಲ್ಲಿ ಹರಡಿಹೋಗಲು ಜಾಗ ಬೇಕು.

ಬೇಕಾದ ಸಾಮಾನು ಕಡಿಮೆ. 15ರಿಂದ 20 ಲೀಟರಿನ ಎರಡು ಪ್ಲಾಸ್ಟಿಕ್ ಬಕೆಟ್ ಅಥವಾ ಒಂದು ಅಗಲವಾದ ಟಬ್, ತೂಕಕ್ಕೆ ಒಂದು ಇಟ್ಟಿಗೆ, ಪಟಾಕಿ ತೇಲದಂತೆ ಒತ್ತಿಡಲು ಒಂದು ಹಳೆಯ ಪ್ಲಾಸ್ಟಿಕ್ ತಟ್ಟೆ, ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ನೀರು ತುಂಬಿದ ಇನ್ನೊಂದು ಬಕೆಟ್ ಅಥವಾ ನಲ್ಲಿಯ ಪೈಪು. ಬಕೆಟ್‌ಗಳು ಮುಂದೆ ಅಡುಗೆಗೆ, ಕುಡಿಯುವ ನೀರಿಗೆ ಬಳಸದವು ಆಗಿರಲಿ. ಹತ್ತಿ ಬಟ್ಟೆ ಹಾಕಿಕೊಳ್ಳಿ. ನೈಲಾನ್, ಪಾಲಿಯೆಸ್ಟರ್‌ನಲ್ಲಿ ಸ್ಥಿರವಿದ್ಯುತ್ತು ಹುಟ್ಟುತ್ತದೆ, ಬೆಂಕಿ ತಗಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಬೀಡಿ, ಸಿಗರೇಟು, ದೀಪ, ಊದುಬತ್ತಿ ಯಾವುದೂ ಸುತ್ತಮುತ್ತ ಬೇಡ.

ಮೊದಲು ಬಕೆಟ್ಟಿಗೆ ತಣ್ಣೀರು ತುಂಬಿ, ಆಮೇಲೆ ಪಟಾಕಿ ಇಳಿಸಿ. ಒಣ ಪಟಾಕಿಯನ್ನು ಬಕೆಟ್ಟಿನಲ್ಲಿ ಪೇರಿಸಿ ಮೇಲಿಂದ ನೀರು ಸುರಿಯುವುದು ತಪ್ಪು ಕ್ರಮ. ಪಟಾಕಿ ಬಕೆಟ್ಟಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬಾರದು, ಅದರ ಮೇಲೆ ಕನಿಷ್ಠ ಒಂದು ಗೇಣು ನೀರು ನಿಂತಿರಬೇಕು. ನೀರಿಗೆ ಬೇರೇನೂ ಬೆರೆಸಬೇಡಿ. ಬ್ಲೀಚ್, ಸೋಡಾ, ಬಟ್ಟೆ ತೊಳೆಯುವ ಪುಡಿ, ಆಸಿಡ್ ಯಾವುದೂ ಬೇಡ. ಕ್ಷಾರದಲ್ಲಿ ಅಲ್ಯೂಮಿನಿಯಂ ವೇಗವಾಗಿ ಕರಗಿ ಬಿಸಿಯನ್ನೂ ಹೈಡ್ರೋಜನ್ ಅನಿಲವನ್ನೂ ಉಗುಳುತ್ತದೆ. ಬೇಗ ನೆನೆಯಲಿ ಎಂದು ಬಿಸಿನೀರು ಹಾಕುವುದೂ ಅದೇ ಕಾರಣಕ್ಕೆ ಬೇಡ.

ಹೊರಗಿನ ಪ್ಲಾಸ್ಟಿಕ್ ಹೊದಿಕೆ ತೆಗೆಯದೆ ನೆನೆಸುವುದು ಸಾಮಾನ್ಯವಾಗಿ ನಡೆಯುವ ಇನ್ನೊಂದು ತಪ್ಪು. ಹೊದಿಕೆಯೊಳಗೆ ಗಾಳಿ ಸಿಕ್ಕಿಕೊಂಡು ಪಟಾಕಿ ಮೂರು ದಿನ ಬಿಟ್ಟರೂ ಒಣಗಿಯೇ ಇರುತ್ತದೆ. ಪ್ಲಾಸ್ಟಿಕ್ ಕಾಗದವನ್ನು ಕೈಯಲ್ಲಿ ನಿಧಾನವಾಗಿ ಹರಿದು ತೆಗೆಯಿರಿ, ಚಾಕು, ಕತ್ತರಿ ತರಬೇಡಿ. ಪ್ಲಾಸ್ಟಿಕ್ ಬಿಟ್ಟು ಮುಂದಕ್ಕೆ ಹೋಗಬೇಡಿ: ಪಟಾಕಿಯ ಕಾಗದದ ಮೈ ಬಿಚ್ಚುವುದು, ಒಳಗಿನ ಮದ್ದು ಸುರಿದುಕೊಳ್ಳುವುದು, ಬತ್ತಿ ಕೀಳುವುದು ಬೇಡ. ಕಾಗದ ಹಾಗೇ ಇರಲಿ, ನೀರು ತಾನಾಗಿ ಒಳಗೆ ಹೋಗುತ್ತದೆ.

ಒಂದೊಂದು ಜಾತಿಗೂ ಒಂದೊಂದು ಗಮನ ಬೇಕು. ಸುರ್‌ಸುರ್ ಬತ್ತಿಯನ್ನು ಮದ್ದಿನ ಭಾಗ ಕೆಳಗಾಗಿ, ಬಿಡಿಬಿಡಿಯಾಗಿ ನಿಲ್ಲಿಸಿ. ಮದ್ದನ್ನು ತಂತಿಗೆ ಅಂಟಿಸುವುದು ಸಾಮಾನ್ಯವಾಗಿ ನೀರಲ್ಲಿ ಕರಗುವ ಅಂಟು, ಆದ್ದರಿಂದ ಕೆಲವು ಗಂಟೆಗಳಲ್ಲೇ ಮದ್ದು ಮೆತ್ತಗಾಗಿ ಜಾರತೊಡಗುತ್ತದೆ. ಕಟ್ಟು ಕಟ್ಟಿಯೇ ಮುಳುಗಿಸಿದರೆ ನಡುವಿನವು ಬೇಗ ನೆನೆಯುವುದಿಲ್ಲ. ಉರಿಯುವಾಗ ಸುರ್‌ಸುರ್ ಬತ್ತಿ ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಹಲವನ್ನು ಸೇರಿಸಿ ಕಟ್ಟಿದರೆ ಒಂದರ ಬಿಸಿ ಇನ್ನೊಂದಕ್ಕೆ ಹತ್ತಿ ಒಟ್ಟಿಗೆ ಭುಗಿಲೇಳುತ್ತದೆ. ಎಲ್ಲವನ್ನೂ ಸೇರಿಸಿ ಒಮ್ಮೆಲೇ ಸುಟ್ಟು ಮುಗಿಸುವ ಯೋಚನೆ ಯಾರಿಗಾದರೂ ಬಂದರೆ ಇದನ್ನು ನೆನಪಿಸಿ.

ಹೂಕುಂಡದ ತಳಕ್ಕೆ ಜೇಡಿಮಣ್ಣು ಬಡಿದಿರುತ್ತದೆ, ನೀರು ಒಳಹೋಗಬೇಕಾದದ್ದು ಮೇಲಿನ ಸಣ್ಣ ಬಾಯಿಂದ. ಬಾಯಿ ಮೇಲಾಗಿ ಮುಳುಗಿಸಿದರೆ ಗುಳ್ಳೆಗಳು ಸಾಲಾಗಿ ಏಳುವುದು ಕಾಣುತ್ತದೆ. ಗುಳ್ಳೆ ನಿಂತ ಮೇಲೂ ಒಂದು ಇಡೀ ದಿನ ಬಿಡಿ. ನೆಲಚಕ್ರದ ಮದ್ದು ಸುರುಳಿಯಾಗಿ ಸುತ್ತಿದ ಉದ್ದ ಕೊಳವೆಯೊಳಗಿರುವುದರಿಂದ ನೀರು ತುದಿಯಿಂದ ನಡುವಿಗೆ ತಲುಪಲು ಹೊತ್ತು ಬೇಕು, ಅದಕ್ಕೂ ಒಂದು ದಿನ.

ರಾಕೆಟ್ ತೇಲುತ್ತದೆ. ಕೋಲು ನೀರಿನ ಮೇಲೆ ಚಾಚಿಕೊಂಡಿದ್ದರೆ ತೊಂದರೆ ಇಲ್ಲ, ಅದು ಬರೀ ಮರ. ಮುಳುಗಬೇಕಾದದ್ದು ಕೋಲಿಗೆ ಕಟ್ಟಿದ ಕೊಳವೆ ಮತ್ತು ಅದರ ತಲೆ. ಸಿಡಿಯುವ ಮದ್ದು ಇರುವುದು ತಲೆಯಲ್ಲಿ, ನೂಕುವ ಮದ್ದು ಕೆಳಗೆ. ಕೋಲು ಮುರಿಯಲು ಹೋಗಿ ಕೊಳವೆ ಬಾಗಿಸಬೇಡಿ. ಟಬ್‌ನಲ್ಲಿ ಅಡ್ಡಡ್ಡ ಮಲಗಿಸಿ, ತಟ್ಟೆ ಮುಚ್ಚಿ, ಇಟ್ಟಿಗೆ ಹೇರಿ. ಇಟ್ಟಿಗೆಯನ್ನು ಎತ್ತಿಹಾಕಬೇಡಿ, ಇಳಿಸಿ.

ದಾರ ಸುತ್ತಿ ಅಂಟು ಬಳಿದ ಬಾಂಬ್‌ಗಳಿಗೆ ನೀರು ಇಳಿಯುವುದು ಬಹಳ ನಿಧಾನ. ಇವಕ್ಕೆ ಎರಡು ದಿನ ಕಡ್ಡಾಯ. ಒತ್ತಿ ನೋಡಿ "ಮೆತ್ತಗಾಗಿದೆಯೇ" ಎಂದು ಪರೀಕ್ಷಿಸಬೇಡಿ, ಹಿಚುಕಬೇಡಿ. ಸರಪಟಾಕಿಯ ಸುರುಳಿಯನ್ನು ಬಿಚ್ಚಿ ಸಡಿಲವಾಗಿ ಹರಡಿ ಮುಳುಗಿಸಿದರೆ ಪ್ರತಿ ಪಟಾಕಿಗೂ ನೀರು ತಾಗುತ್ತದೆ. ಒಂದೊಂದಾಗಿ ಕಿತ್ತು ಬೇರ್ಪಡಿಸುವ ಅಗತ್ಯವಿಲ್ಲ.

ಮಲ್ಟಿ-ಶಾಟ್ ಡಬ್ಬದ ಬಗ್ಗೆ ಹೆಚ್ಚು ಎಚ್ಚರ ಬೇಕು. ಪಕ್ಕಪಕ್ಕ ಅಂಟಿಸಿದ ಹಲವು ಕೊಳವೆಗಳು, ಎಲ್ಲವನ್ನೂ ಜೋಡಿಸುವ ಒಂದು ಬತ್ತಿ, ಪ್ರತಿ ಕೊಳವೆಯ ತಳದಲ್ಲಿ ಮೇಲಕ್ಕೆ ಎಸೆಯುವ ಕಪ್ಪು ಮದ್ದು, ಅದರ ಮೇಲೆ ಬಣ್ಣದ ಗುಳಿಗೆಗಳು. ನೀರು ಮೇಲಿನ ಕಾಗದದ ಮುಚ್ಚಳ ದಾಟಿ ತಳ ಮುಟ್ಟಬೇಕು. ಡಬ್ಬವನ್ನು ತಲೆಕೆಳಗಾಗಿ ಮುಳುಗಿಸಿದರೆ ಕೊಳವೆಗಳೊಳಗೆ ಗಾಳಿ ಸಿಕ್ಕಿಕೊಂಡು ತಳದ ಮದ್ದು ಒಣಗಿಯೇ ಉಳಿಯುತ್ತದೆ. ಕೊಳವೆಗಳ ಬಾಯಿ ಮೇಲಾಗಿಯೇ, ಸ್ವಲ್ಪ ಓರೆಯಾಗಿ ಇಳಿಸಿ. ಇಳಿಸುವಾಗ ಮುಖ, ಎದೆ ಡಬ್ಬದ ನೇರಕ್ಕೆ ಬರಬಾರದು, ಪಕ್ಕದಲ್ಲಿ ನಿಂತು ಕೈ ಚಾಚಿ ಕೆಲಸ ಮಾಡಿ. ಈ ಎಚ್ಚರ ಹೂಕುಂಡ, ರಾಕೆಟ್‌ಗಳಿಗೂ ಅನ್ವಯ. ಮೇಲಿನ ಕಾಗದವನ್ನು ಚುಚ್ಚಲು ಹೋಗಬೇಡಿ, ಅರ್ಧ ದಿನದಲ್ಲಿ ಅದು ತಾನೇ ಮೆತ್ತಗಾಗಿ ಬಿಚ್ಚಿಕೊಳ್ಳುತ್ತದೆ. ಡಬ್ಬಕ್ಕೂ ಎರಡು ಇಡೀ ದಿನ ಕೊಡಿ. ಕೈಯಲ್ಲಿ ಎತ್ತಿದಾಗ ಮೊದಲಿಗಿಂತ ಚೆನ್ನಾಗಿ ಭಾರವಾಗಿ, ರಟ್ಟು ಜೋಲು ಬಿದ್ದಿದ್ದರೆ ನೀರು ಒಳಗೆ ಇಳಿದಿದೆ. ಇನ್ನೂ ಹಗುರವಾಗಿ ತೇಲುತ್ತಿದ್ದರೆ ಮತ್ತೆ ಮುಳುಗಿಸಿ.

ಕ್ಯಾಪ್ ರೋಲುಗಳನ್ನು ಆಟಿಕೆ ಎಂದು ಹಗುರವಾಗಿ ತೆಗೆದುಕೊಳ್ಳಬೇಡಿ. ಅದರ ಚುಕ್ಕಿಗಳಲ್ಲಿ ಇರುವುದು ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೇಟ್ ಮತ್ತು ಕೆಂಪು ರಂಜಕ. ಉಜ್ಜಿದರೆ ಸಾಕು, ಹೊತ್ತಿಕೊಳ್ಳುವ ಜೋಡಿ ಅದು. ಒಂದೊಂದು ಚುಕ್ಕಿ ಅತ್ಯಲ್ಪ, ಆದರೆ ಡಬ್ಬಿಯಲ್ಲಿ ಒತ್ತೊತ್ತಾಗಿ ತುಂಬಿದ ರೋಲುಗಳು ಒಟ್ಟಿಗೆ ಸಿಡಿದರೆ ಕೈಬೆರಳು ಸುಡುತ್ತದೆ. ಡಬ್ಬಿಯ ಮುಚ್ಚಳ ತೆರೆದು ಇಡೀ ಡಬ್ಬಿಯನ್ನೇ ಪ್ರತ್ಯೇಕ ಸಣ್ಣ ಬಕೆಟ್ಟಿನಲ್ಲಿ ಮುಳುಗಿಸಿ, ನೆಂದ ಮೇಲೆ ನೀರಿನೊಳಗೇ ಸುರುಳಿ ಸಡಿಲಿಸಿ. ಬೇರೆ ಪಟಾಕಿಯ ಬಕೆಟ್ಟಿಗೆ ಇದನ್ನು ಸೇರಿಸಬೇಡಿ. ಕ್ಲೋರೇಟ್ ಮತ್ತು ಗಂಧಕ ಒಂದೇ ಕೆಸರಿನಲ್ಲಿ ಬೆರೆತು ಒಣಗುವುದು ಯಾರಿಗೂ ಬೇಡದ ಸಂಗತಿ.

ಹಾಗಾದರೆ ಹೊತ್ತಿನ ಲೆಕ್ಕ ಹೀಗೆ: ಸುರ್‌ಸುರ್ ಬತ್ತಿ, ಕ್ಯಾಪ್, ಸಣ್ಣ ಪಟಾಕಿಗೆ ಒಂದು ರಾತ್ರಿ, ಹೂಕುಂಡ, ಚಕ್ರ, ರಾಕೆಟ್‌ಗೆ 24 ಗಂಟೆ, ದಾರದ ಬಾಂಬ್ ಮತ್ತು ಮಲ್ಟಿ-ಶಾಟ್‌ಗೆ 48 ಗಂಟೆ. ಕ್ಯಾಪ್ ಬಿಟ್ಟು ಉಳಿದವೆಲ್ಲ ಒಂದೇ ಟಬ್‌ನಲ್ಲಿದ್ದರೆ ಎಲ್ಲಕ್ಕೂ 48. ವಾರಗಟ್ಟಲೆ ಬಿಡುವುದರಿಂದ ಲಾಭವಿಲ್ಲ, ಅನಿಲ ಹುಟ್ಟುವುದು ಮುಂದುವರಿಯುತ್ತದೆ, ನೀರು ಆವಿಯಾಗಿ ಮೇಲಿನವು ಒಣಗುತ್ತವೆ. ಬಕೆಟ್ಟಿಗೆ ಗಾಳಿಯಾಡದ ಮುಚ್ಚಳ ಹಾಕಬೇಡಿ, ಬೇಕಿದ್ದರೆ ಒಂದು ಜಾಲರಿ ಮುಚ್ಚಿ.

ದಿನಕ್ಕೆ ಎರಡು ಸಲ ದೂರದಿಂದ ನೋಡಿ. ಸಣ್ಣ ಗುಳ್ಳೆಗಳು, ನೀರಿನ ಬಣ್ಣ ಕಪ್ಪು ಅಥವಾ ಹಸಿರಾಗುವುದು, ಗಂಧಕದ ಮಂದ ವಾಸನೆ ಸಹಜ. ನೀರು ಬೆಚ್ಚಗಾಗುವುದು, ನೊರೆ ಉಕ್ಕುವುದು, ಮೂಗಿಗೆ ಚುಚ್ಚುವ ಅಮೋನಿಯ ವಾಸನೆ, ಕೊಳೆತ ಮೊಟ್ಟೆಯ ಗಾಢ ವಾಸನೆ ಸಹಜವಲ್ಲ. ನುಣ್ಣನೆಯ ಅಲ್ಯೂಮಿನಿಯಂ ಮತ್ತು ನೈಟ್ರೇಟ್ ಒದ್ದೆಯಲ್ಲಿ ಪ್ರತಿಕ್ರಿಯಿಸಿದರೆ ಅಮೋನಿಯ ಬರುತ್ತದೆ, ಆ ಕ್ರಿಯೆ ತನ್ನದೇ ಶಾಖದಿಂದ ಚುರುಕಾಗುತ್ತಾ ಹೋಗುತ್ತದೆ. ನೀರು ಕಡಿಮೆ, ಮದ್ದು ಹೆಚ್ಚು ಇದ್ದಾಗ ಇದು ಆಗುವ ಸಂಭವ ಜಾಸ್ತಿ. ಬಕೆಟ್ಟಿನ ಮೇಲೆ ಬಗ್ಗದೆ ಪೈಪಿನಿಂದ ದೂರ ನಿಂತು ತಣ್ಣೀರು ತುಂಬಿ ಹರಿಯಬಿಡಿ, ಜನರನ್ನು ದೂರ ಸರಿಸಿ, ಇಳಿಯದಿದ್ದರೆ ಅಗ್ನಿಶಾಮಕ ದಳಕ್ಕೆ ಕರೆ ಮಾಡಿ.

ಚೀಲಕ್ಕೆ ತುಂಬುವುದು

ಕಸದ ಗಾಡಿ ಬರುವ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ. ಗಾಡಿ ಗುರುವಾರ ಬೆಳಿಗ್ಗೆ ಬರುವುದಾದರೆ ನೆನೆಸುವುದು ಸೋಮವಾರ ಸಂಜೆ, ಚೀಲಕ್ಕೆ ತುಂಬುವುದು ಬುಧವಾರ ಸಂಜೆ. ಹೀಗೆ ಮಾಡಿದರೆ ನೆಂದ ಮಾಲು ಮನೆಯಲ್ಲಿ ಕಾಯುತ್ತಾ ಒಣಗುವ ಪ್ರಶ್ನೆಯೇ ಬರುವುದಿಲ್ಲ.

ನೀರಿಂದ ಎತ್ತಿದ ಪಟಾಕಿಯನ್ನು ಹಿಂಡಬೇಡಿ, ತೊಟ್ಟಿಕ್ಕುತ್ತಿದ್ದ ಹಾಗೇ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಜೊತೆಗೆ ಎರಡು ಲೋಟ ನೀರು, ಎರಡು ಬೊಗಸೆ ಒದ್ದೆ ಮರಳು ಹಾಕಿದರೆ ತೇವ ನಿಲ್ಲುತ್ತದೆ. ಚೀಲದ ಬಾಯಿ ಗಂಟು ಹಾಕಿ, ಅದನ್ನು ಇನ್ನೊಂದು ಚೀಲದೊಳಗಿಟ್ಟು ಮತ್ತೆ ಗಂಟು. ಸುರ್‌ಸುರ್ ಬತ್ತಿಯ ತಂತಿಗಳು ಚೀಲ ಹರಿಯುತ್ತವೆ, ಅವನ್ನು ಬೇರೆಯಾಗಿ ಒದ್ದೆ ರಟ್ಟಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ. ಗಾಜಿನ ಬಾಟಲಿ, ಬಿಗಿ ಮುಚ್ಚಳದ ಡಬ್ಬ ಬಳಸಬೇಡಿ, ಒಳಗೆ ಅನಿಲ ಸೇರಿ ಒಡೆಯಬಹುದು.

ಸೋರಿದ ನೀರು ಹೀರಲಿ ಎಂದು ಮರದ ಹೊಟ್ಟು, ಹಳೆಯ ಪತ್ರಿಕೆ, ಹತ್ತಿ ತುಂಬುವ ಅಭ್ಯಾಸ ಇರುತ್ತದೆ. ಇಲ್ಲಿ ಅದು ಕೂಡದು. ಪೆಟ್ಲುಪ್ಪಿನ ನೀರು ಹೀರಿ ಒಣಗಿದ ಕಾಗದ ಎಂದರೆ ಅದೇ ಒಂದು ಬತ್ತಿ. ಮರಳು ಉರಿಯುವುದಿಲ್ಲ, ಅದನ್ನೇ ಬಳಸಿ. ಪುಡಿ ಒರೆಸಿದ ಬಟ್ಟೆಯೂ ಇದೇ ಕಾರಣಕ್ಕೆ ಒದ್ದೆಯಾಗಿಯೇ ಚೀಲ ಸೇರಬೇಕು, ಒಗೆದು ಒಣಹಾಕಬೇಡಿ.

ಚೀಲದ ಮೇಲೆ ದಪ್ಪ ಅಕ್ಷರದಲ್ಲಿ "ನೆನೆಸಿದ ಪಟಾಕಿ, ಒಣಗಿಸಬೇಡಿ" ಎಂದು ಬರೆದು ಅಂಟಿಸಿ, ಕಸ ಎತ್ತುವವರಿಗೆ ಬಾಯಲ್ಲೂ ಹೇಳಿ. ಒಣ ಕಸದ ಜೊತೆ, ರದ್ದಿ ಕಾಗದದ ಜೊತೆ, ಗೊಬ್ಬರದ ಗುಂಡಿಗೆ ಹಾಕಬೇಡಿ. ಅಪಾಯಕಾರಿ ಕಸ ಪ್ರತ್ಯೇಕವಾಗಿ ತೆಗೆದುಕೊಳ್ಳುವ ವ್ಯವಸ್ಥೆ ನಿಮ್ಮಲ್ಲಿದ್ದರೆ ಅದಕ್ಕೇ ಕೊಡಿ, ಮಾಮೂಲಿ ಕಸಕ್ಕಿಂತ ಅದು ಎಷ್ಟೋ ಒಳ್ಳೆಯದು.

ಆ ನೀರು

ಬಕೆಟ್ಟಿನ ನೀರಿನಲ್ಲಿ ನೈಟ್ರೇಟ್ ಇದೆ, ಪರ್‌ಕ್ಲೋರೇಟ್ ಇರಬಹುದು, ಹಸಿರು ಬಣ್ಣದ ಪಟಾಕಿ ಅಥವಾ ಸುರ್‌ಸುರ್ ಬತ್ತಿ ಇದ್ದರೆ ಬೇರಿಯಂ ಕೂಡ. ನೈಟ್ರೇಟ್ ಗೊಬ್ಬರ ತಾನೇ ಎಂದು ಕೇಳುವವರಿದ್ದಾರೆ, ಪೆಟ್ಲುಪ್ಪು ಗೊಬ್ಬರವಾಗಿ ಬಳಕೆಯಲ್ಲಿರುವುದೂ ನಿಜ. ಆದರೆ ಇಲ್ಲಿ ಅದು ಒಂಟಿಯಾಗಿಲ್ಲ. ನೀರಲ್ಲಿ ಕರಗಿದ ಬೇರಿಯಂ ಉಪ್ಪು ಮನುಷ್ಯರಿಗೂ ಪ್ರಾಣಿಗಳಿಗೂ ವಿಷ. ಪರ್‌ಕ್ಲೋರೇಟ್ ಮಣ್ಣಿನಲ್ಲಿ ನಿಲ್ಲದೆ ನೀರಿನ ಜೊತೆ ಸಲೀಸಾಗಿ ಇಳಿದು ಅಂತರ್ಜಲ ಸೇರುತ್ತದೆ, ಸೊಪ್ಪು ತರಕಾರಿ ಅದನ್ನು ಹೀರಿಕೊಳ್ಳುತ್ತವೆ, ದೇಹದೊಳಗೆ ಥೈರಾಯ್ಡ್ ಗ್ರಂಥಿ ಅಯೋಡಿನ್ ಪಡೆಯುವುದಕ್ಕೆ ಅದು ಅಡ್ಡ ಬರುತ್ತದೆ. ಆದ್ದರಿಂದ ಗಿಡ, ಹುಲ್ಲು, ಬಾವಿಯ ಸುತ್ತ, ಕೆರೆ, ಮಳೆನೀರಿನ ಚರಂಡಿ ಎಲ್ಲಿಗೂ ಸುರಿಯಬೇಡಿ. ದನ, ನಾಯಿ, ಹಕ್ಕಿ ಕುಡಿಯುವಂತೆ ಬಕೆಟ್ ತೆರೆದಿಡಬೇಡಿ.

ಅಪಾಯಕಾರಿ ಕಸದ ಕೇಂದ್ರ ತೆಗೆದುಕೊಳ್ಳುವುದಾದರೆ ಕ್ಯಾನಿನಲ್ಲಿ ತುಂಬಿ, ಮುಚ್ಚಳ ಸಡಿಲವಾಗಿಟ್ಟು ಕೊಡಿ. ಆ ಅನುಕೂಲ ಇಲ್ಲದಿದ್ದರೆ ಒಂದೆರಡು ಬಕೆಟ್ಟಿನಷ್ಟು ನೀರಿಗೆ ಉಳಿದ ದಾರಿಗಳಲ್ಲಿ ಕಡಿಮೆ ಹಾನಿಯದ್ದು ಶುದ್ಧೀಕರಣ ಘಟಕಕ್ಕೆ ಹೋಗುವ ಒಳಚರಂಡಿ. ಸ್ಥಳೀಯ ಆಡಳಿತ ಒಪ್ಪಿದರೆ, ಮೇಲಿನ ತಿಳಿನೀರನ್ನು ಮಾತ್ರ ಶೌಚಾಲಯಕ್ಕೆ ಸ್ವಲ್ಪಸ್ವಲ್ಪವಾಗಿ ಸುರಿದು ಪ್ರತಿಸಲವೂ ಧಾರಾಳ ನೀರು ಬಿಡಿ. ಮನೆಗೆ ಸೆಪ್ಟಿಕ್ ಟ್ಯಾಂಕ್ ಇದ್ದರೆ ಇದನ್ನು ಮಾಡಬೇಡಿ, ಅಲ್ಲಿಂದ ಅದು ಕೊನೆಗೆ ನಿಮ್ಮದೇ ಮಣ್ಣಿಗೆ ಇಳಿಯುತ್ತದೆ. ತಳದಲ್ಲಿ ಕೂತ ಕಪ್ಪು ಕೆಸರನ್ನು ಯಾವ ಕೊಳಾಯಿಗೂ ಬಿಡಬೇಡಿ. ಅದರಲ್ಲೇ ಕರಗದ ಲೋಹ, ಗಂಧಕ, ಪರ್‌ಕ್ಲೋರೇಟ್ ಉಳಿದಿರುವುದು. ಒದ್ದೆ ಮರಳು ಬೆರೆಸಿ ಅದೇ ಚೀಲಕ್ಕೆ ಹಾಕಿ.

ಇನ್ನೆರಡು ದಾರಿಗಳನ್ನು ಜನ ಹಿಡಿಯುತ್ತಾರೆ. ಒಂದು ಹೂಳುವುದು. ಹೂತ ಪಟಾಕಿ ನಿಧಾನವಾಗಿ ನೆಂದು ಅದರ ಉಪ್ಪು ಮಣ್ಣಿಗೆ ಇಳಿಯುತ್ತದೆ, ನೆನೆಯದೆ ಉಳಿದದ್ದು ಮುಂದೊಂದು ದಿನ ಗುದ್ದಲಿಗೆ ಸಿಗುತ್ತದೆ. ಇನ್ನೊಂದು ಬೆಂಕಿಗೆ ಹಾಕುವುದು. ತೆರೆದ ಬೆಂಕಿಯಲ್ಲಿ ಯಾವುದು ಯಾವಾಗ, ಯಾವ ದಿಕ್ಕಿಗೆ ಹಾರುತ್ತದೆ ಎಂಬುದು ಯಾರ ಹಿಡಿತದಲ್ಲೂ ಇರುವುದಿಲ್ಲ. ಸಣ್ಣ ತುಂಡಾದರೂ ಒಲೆ, ಹಂಡೆಯ ಬೆಂಕಿಗೆ ಹಾಕಬೇಡಿ.

ಹಚ್ಚಿಯೂ ಸಿಡಿಯದೆ ಠುಸ್ ಆದ ಪಟಾಕಿಯ ವಿಷಯವನ್ನೂ ಇಲ್ಲೇ ಹೇಳಬೇಕು, ಅದರ ಕ್ರಮ ಬೇರೆ. ಬತ್ತಿ ಒಳಗೊಳಗೇ ಕೆಂಡವಾಗಿರಬಹುದು. ಕನಿಷ್ಠ 20 ನಿಮಿಷ ಯಾರೂ ಹತ್ತಿರ ಹೋಗಬಾರದು, ಅರ್ಧ ಗಂಟೆ ಕಾದರೆ ಇನ್ನೂ ಒಳ್ಳೆಯದು. ಆಮೇಲೆ ಪಕ್ಕದಿಂದ ಪೈಪಿನಲ್ಲಿ ನೀರು ಹಾಯಿಸಿ ಚೆನ್ನಾಗಿ ತೋಯಿಸಿ, ಉದ್ದ ಹಿಡಿಕೆಯ ಸಲಿಕೆಯಿಂದ ಎತ್ತಿ ಲೋಹದ ಬಕೆಟ್ಟಿನ ನೀರಿಗೆ ಹಾಕಿ. ಅಲ್ಲಿಂದ ಮುಂದೆ ಮೇಲೆ ಹೇಳಿದ ಹೊತ್ತು, ಮೇಲೆ ಹೇಳಿದ ಚೀಲ. ಮತ್ತೆ ಹಚ್ಚುವ ಪ್ರಯತ್ನ ಬೇಡ.

ನಿಮ್ಮ ಎರಡನೇ ಪೆಟ್ಟಿಗೆ ನೆಂದಿಲ್ಲ ಎಂದಾದರೆ ಅದರಲ್ಲಿ ಸೀಲ್ ಒಡೆಯದ ಪ್ಯಾಕೆಟ್‌ಗಳಿವೆಯೇ ನೋಡಿ. ಪರವಾನಗಿ ಇರುವ ಮಾರಾಟಗಾರರು ಅಂಥವನ್ನು ವಾಪಸು ತೆಗೆದುಕೊಳ್ಳುತ್ತಾರೆಯೇ ಎಂದು ಫೋನಿನಲ್ಲಿ ಕೇಳಬಹುದು. ಅಲ್ಲಿಯವರೆಗೆ ಅವು ಅಟ್ಟದಲ್ಲಿ ಇರಬಾರದು, ಚಾವಣಿಯ ಬಿಸಿ ಅಲ್ಲಿ ಹೆಚ್ಚು. ತಂಪಾದ, ತೇವವಿಲ್ಲದ, ಮಕ್ಕಳ ಕೈಗೆಟುಕದ ಜಾಗದಲ್ಲಿ, ರಟ್ಟಿನ ಪೆಟ್ಟಿಗೆಯಲ್ಲಿ, ಪೆಟ್ರೋಲು, ಬಣ್ಣ, ಗ್ಯಾಸ್ ಯಾವುದರ ಪಕ್ಕವೂ ಅಲ್ಲದಂತೆ ಇಡಿ. ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡಬೇಡಿ, ಒಳಗೆ ಹೊತ್ತಿಕೊಂಡರೆ ಒತ್ತಡ ಕಟ್ಟಿ ಪೆಟ್ಟಿಗೆಯ ಚೂರುಗಳೇ ಹಾರುತ್ತವೆ. ಮಾರಾಟಗಾರರು ಒಪ್ಪದಿದ್ದರೆ ಅವನ್ನೂ ಅದೇ ಟಬ್‌ಗೆ ಇಳಿಸಿ.

ಕೆಲಸ ಮುಗಿದ ಮೇಲೆ ಬಕೆಟ್, ತಟ್ಟೆ, ಇಟ್ಟಿಗೆಗಳನ್ನು ಎರಡು ಸಲ ತೊಳೆದು, ಆ ತೊಳೆದ ನೀರನ್ನೂ ಮೊದಲಿನ ನೀರು ಹೋದಲ್ಲಿಗೇ ಬಿಡಿ. ಕೈಗವಸು ಕಳಚುವ ಮೊದಲು ಅದರ ಹೊರಮೈ ತೊಳೆಯಿರಿ, ಆಮೇಲೆ ಸೋಪು ಹಾಕಿ ಕೈ, ಉಗುರಿನ ಸಂದಿ ತಿಕ್ಕಿ ತೊಳೆಯಿರಿ. ತೊಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಪೆಟ್ಟಿಗೆ ಇಟ್ಟಿದ್ದ ಜಾಗವನ್ನು ಇನ್ನೊಮ್ಮೆ ಒದ್ದೆ ಬಟ್ಟೆಯಿಂದ ಒತ್ತಿ ತೆಗೆದು, ಹಲಗೆಗಳ ಸಂದಿಯಲ್ಲಿ ಬೂದು ಪುಡಿ ಉಳಿದಿಲ್ಲವೇ ಎಂದು ಹಗಲು ಬೆಳಕಿನಲ್ಲಿ ನೋಡಿ.